ಬೆನ್ನಿನ ಅಳತೆ

ಮಾರ್ಚ್ ೪, ಸೋಮವಾರ

ಆರುನೂರು ಗ್ರಾಂ ಏರಿದೆ. ತೂಕದ ಯಂತ್ರವನ್ನು ನೆಲದ ಒಂದು ಟೈಲಿನಿಂದ ಇನ್ನೊಂದಕ್ಕೆ ಸರಿಸಿ ನಿಂತೆ, ಓಲೆ ಬಿಚ್ಚಿಟ್ಟು ನಿಂತೆ, ಉಸಿರು ಬಿಟ್ಟು ನಿಂತೆ. ಅದೇ ಆರುನೂರು. ದಾರದ ವ್ಯಾಪಾರಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಇದರ ಹತ್ತಿರವಾದರೂ ಹೇಳಿಕೊಳ್ಳೋಣ ಎಂದು ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ.

ಹೊಟ್ಟೆಯ ಆಪರೇಷನ್ ಆಗಿ ಎರಡು ವರ್ಷ. ಹೊಟ್ಟೆಯನ್ನು ಒಂದು ಮೊಟ್ಟೆ ಹಿಡಿಸುವಷ್ಟಕ್ಕೆ ಇಳಿಸಿ, ಕರುಳಿಗೆ ಅಡ್ಡದಾರಿ ಜೋಡಿಸಿದರು. ಮೈ ಅರ್ಧಕ್ಕರ್ಧ ಕರಗಿತು. ಹಳೆಯ ಗಿರಾಕಿಗಳು ಬಂದು ನನ್ನನ್ನೇ “ಅಕ್ಕ ಇಲ್ವಾ?” ಎಂದು ಕೇಳಿದ್ದುಂಟು. ಹಾಗೆ ಕೇಳಿದವರಿಗೆಲ್ಲ ಗುಂಡಿ ಹಾಕಿದ ಕೂಲಿ ಬಿಟ್ಟುಕೊಟ್ಟಿದ್ದೇನೆ.

ಈಗ ಅದು ವಾಪಸ್ ಬರುತ್ತಿದೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವಳಿಗೂ ಹೀಗೇ ಆಯಿತಂತೆ. ಮೊದಲು ಅರ್ಧ ಕೆಜಿ, ಆಮೇಲೆ ಕಟ್ಟೆ ಒಡೆದ ಹಾಗೆ. ಜುಲೈ ಕೊನೆಗೆ ನಮ್ಮ ಮನೆಯವರ ನಿವೃತ್ತಿ. ನೀರು ಸರಬರಾಜು ಕಚೇರಿಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ, ಫೋಟೋ ತೆಗೆಯುತ್ತಾರೆ. ಹಿಂದೆ ಇವರಿಗೆ ಸನ್ಮಾನ ಮಾಡಿದಾಗ ನಾನು ಕಂಬದ ಹಿಂದೆ ನಿಂತಿದ್ದೆ. ಕಂಬಕ್ಕಿಂತ ನಾನೇ ಅಗಲವಿದ್ದುದರಿಂದ ಫೋಟೋದಲ್ಲಿ ಅದರ ಎರಡೂ ಬದಿಗೆ ಕಾಣುತ್ತೇನೆ. ಈ ಸಲ ಇವರ ಪಕ್ಕದಲ್ಲಿ, ಭುಜಕ್ಕೆ ಭುಜ ಕೊಟ್ಟು, ನೆಟ್ಟಗೆ ನಿಲ್ಲಬೇಕು. ನಮ್ಮಿಬ್ಬರದೂ ಒಂದೇ ಎತ್ತರ, ಚೆನ್ನಾಗಿ ಕಾಣುತ್ತದೆ. ಅದೊಂದೇ ಆಸೆ.

ಅದಕ್ಕೇ ಇವತ್ತಿನಿಂದ ಪ್ರೋಟೀನ್ ಪುಡಿ ಬಂದ್. ಪುಡಿಯಾದರೇನು, ಅದೂ ಊಟವೇ. ಕಳೆದ ವರ್ಷದಿಂದ ನೆನಪಾದಾಗ ಒಮ್ಮೆ ತಿನ್ನುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯೂ ಪೂರ್ತಿ ಬಂದ್. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೇ ಅಗಿದ ಹಾಗಿರುತ್ತದೆ, ಮೇಲೆ ಮಲಬದ್ಧತೆ, ಆ ಮಲಬದ್ಧತೆಯೂ ತೂಕಕ್ಕೆ ಸೇರುತ್ತದೆ. ಎರಡನೇ ವರ್ಷದ ತಪಾಸಣೆಗೆ, ಮೂಳೆಯ ಸ್ಕ್ಯಾನಿಗೆ ಬನ್ನಿ ಎಂದು ಆಸ್ಪತ್ರೆಯಿಂದ ಕರೆದಿದ್ದರು. ಹೋಗಲಿಲ್ಲ. ಅವರ ಬಾಗಿಲಲ್ಲೇ ಒಂದು ತೂಕದ ಯಂತ್ರವಿದೆ.

ಮಾರ್ಚ್ ೧೯, ಮಂಗಳವಾರ

ನಿವೃತ್ತ ಹೆಡ್‌ಮಿಸ್ಟ್ರೆಸ್ ಬೂದು ಕೋಟಿನ ಟ್ರಯಲಿಗೆ ಬಂದಿದ್ದರು. ಅವರ ಬೆನ್ನು ವರ್ಷ ವರ್ಷಕ್ಕೂ ಬಾಗುತ್ತಿದೆ. ಇಂಥ ಬೆನ್ನಿಗೆ ಕತ್ತರಿಸುವುದು ಒಂದು ವಿದ್ಯೆ. ಎಲ್ಲರಿಗೂ ಕತ್ತರಿಸಿದ ಹಾಗೆ ಕತ್ತರಿಸಿದರೆ ಹಿಂದಿನ ಅಂಚು ಮೇಲೆ ಹಾರುತ್ತದೆ, ಮುಂದಿನದು ಜೋತುಬೀಳುತ್ತದೆ. ಆದ್ದರಿಂದ ಹಿಂಭಾಗವನ್ನು ಎರಡು ಬೆರಳು ಉದ್ದ, ಮುಂಭಾಗವನ್ನು ಒಂದು ಬೆರಳು ಗಿಡ್ಡ ಮಾಡಬೇಕು. ಮೇಜಿನ ಮೇಲೆ ಹಾಸಿದರೆ ಕಟಿಂಗ್ ತಪ್ಪಿದ ಹಾಗೆ ಕಾಣುತ್ತದೆ. ತೊಟ್ಟರೆ ಅಂಚು ಸುತ್ತಲೂ ಒಂದೇ ಮಟ್ಟ. ಅವರು ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, ನಿಮ್ಮ ಕೈಯಲ್ಲಿ ಏನೋ ಇದೆ ಎಂದರು. ನಾನು ಬಟ್ಟೆ ಒಳ್ಳೆಯದು ಎಂದೆ.

ನಮ್ಮ ಅಂಗಡಿಗೆ ನಾನು ಹಾಕಿದ ಕಟ್ಟಳೆಯೇ ಅದು. ಮೈಯ ಬಗ್ಗೆ ಮಾತಿಲ್ಲ, ಮಾತೆಲ್ಲ ಬಟ್ಟೆಯ ಬಗ್ಗೆ. ನೀವು ದಪ್ಪಗಾಗಿದ್ದೀರಿ ಅನ್ನಬಾರದು, ಬಟ್ಟೆ ಬಿಗಿಯಾಯಿತು ಅನ್ನಬೇಕು. ಅಳತೆಯನ್ನೂ ಬಾಯಿಬಿಟ್ಟು ಓದುವಂತಿಲ್ಲ, ಟೇಪು ನೋಡಿ ಸುಮ್ಮನೆ ಬರೆದುಕೊಳ್ಳಬೇಕು. ನಾನು ಹುಡುಗಿಯಾಗಿದ್ದಾಗ ಒಬ್ಬ ದರ್ಜಿ ನನ್ನ ಸೊಂಟದ ಅಳತೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಎದುರಿನ ಅಂಗಡಿಯವರು ನಕ್ಕಿದ್ದರು. ತಂಗಿ ನನ್ನ ಜೊತೆ ಹೊಲಿಗೆಗೆ ಕೂತ ಮೊದಲ ದಿನವೇ ಈ ಕಟ್ಟಳೆಯನ್ನು ಅವಳ ಕಿವಿಗೆ ಹಾಕಿದೆ. ನಾನು ಕತ್ತರಿಸುತ್ತೇನೆ, ಅವಳು ಹೊಲಿಯುತ್ತಾಳೆ. ಮನೆಯಲ್ಲಿ ಊರೆಲ್ಲ ಮಾತಾಡುವವಳು, ಅಂಗಡಿಯಲ್ಲಿ ಈ ಒಂದು ವಿಷಯಕ್ಕೆ ಬಾಯಿ ಹೊಲಿದುಕೊಂಡಿರುತ್ತಾಳೆ.

ತೂಕ ನಾನೂರು ಗ್ರಾಂ ಇಳಿದಿದೆ. ಸಾಲದು.

ಏಪ್ರಿಲ್ ೮, ಸೋಮವಾರ

ಅಂಗಡಿಯ ಮೆಟ್ಟಿಲು ಹತ್ತುವಾಗ ಗೌನಿನ ಮುಂದಿನ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಹೋದ ವರ್ಷ ನಾನೇ ಕತ್ತರಿಸಿದ ಗೌನು, ಆಗ ಪಾದದ ಮೇಲಿತ್ತು. ಬಟ್ಟೆ ಒಗೆದೂ ಒಗೆದೂ ಜೋತುಬಿದ್ದಿದೆ. ಈಗಿನ ನೂಲೇ ಹೀಗೆ, ಗಟ್ಟಿ ಇಲ್ಲ. ತಂಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೋ ಹೇಳಲು ಬಂದವಳು ನಿಲ್ಲಿಸಿ, “ಗೌನು ಮುಂದೆ ಉದ್ದ ಆಗಿದೆ ಅಕ್ಕ” ಎಂದಳು. ಅದು ನನಗೆ ಗೊತ್ತಿಲ್ಲವೇ. ಮುಂದಿನ ಅಂಚನ್ನಷ್ಟೇ ಮೇಲಕ್ಕೆ ಮಡಚಿ ಹೊಲಿದೆ.

ಮಧ್ಯಾಹ್ನ ಶಾಲೆಯ ಸಮವಸ್ತ್ರದ ಬಟ್ಟೆ ಬಂತು. ಕರಿ ಬಟ್ಟೆಯ ಥಾನನ್ನು ಎತ್ತಿ ಕಪಾಟಿಗಿಡುವಾಗ ಬೆನ್ನ ನಡುವೆ ಚಳುಕು ಹೊಡೆಯಿತು, ಕಣ್ಣು ಕತ್ತಲಿಟ್ಟಿತು. ಉಳುಕಿರಬೇಕು. ಸ್ವಲ್ಪ ಹೊತ್ತು ಥಾನಿನ ಮೇಲೇ ಕೂತಿದ್ದೆ.

ಏಪ್ರಿಲ್ ೧೧, ಗುರುವಾರ

ನೋವು. ಕೆಮ್ಮಿದರೆ ನೋವು, ನಕ್ಕರೆ ನೋವು. ನಗುವಂಥದ್ದು ಏನೂ ಇಲ್ಲ, ಆ ಮಟ್ಟಿಗೆ ಅನುಕೂಲ.

ಮೇ ೬, ಸೋಮವಾರ

ಈ ಅಂಗಡಿಯಲ್ಲಿ ಯಾರೋ ಎಲ್ಲವನ್ನೂ ಮೇಲಕ್ಕೆ ಎತ್ತಿಡುತ್ತಿದ್ದಾರೆ. ದಾರದ ಡಬ್ಬಗಳ ಹಲಗೆಗೆ ಕೈ ಎಟುಕುತ್ತಿಲ್ಲ. ಕನ್ನಡಿಯ ಮೊಳೆ ಬದಲಾಯಿಸಿದರೇನೋ, ನನ್ನ ನೆತ್ತಿಯ ಮೇಲೆ ಗೋಡೆ ಜಾಸ್ತಿ ಕಾಣುತ್ತದೆ. ತಂಗಿಯನ್ನು ಕೇಳಿದರೆ ಯಾರೂ ಮುಟ್ಟಿಲ್ಲ ಎಂದಳು.

ಕತ್ತರಿಸುವ ಮೇಜಂತೂ ಎದೆಗೆ ಬಂದ ಹಾಗಾಗಿದೆ. ಕತ್ತರಿ ಹಿಡಿದರೆ ಮೊಣಕೈ ಮೇಲೇಳುತ್ತದೆ, ಭುಜ ಸೋಲುತ್ತದೆ. ಬೆನ್ನುನೋವಿಗೆ ಇದೇ ಕಾರಣ ಎಂದು ಇವತ್ತು ಹೊಳೆಯಿತು. ಬಡಗಿಯನ್ನು ಕರೆಸಿದೆ. ಆತ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಮೇಜು ಬೆಳೆಯಲ್ಲಮ್ಮ, ಮರ ಕಡಿದಾದ ಮೇಲೆ ಅದಕ್ಕೆ ಆ ಅಭ್ಯಾಸ ಇಲ್ಲ” ಎಂದ. ನನಗೆ ಸಿಟ್ಟು ಬಂತು. ಕಾಲುಗಳನ್ನು ಎರಡು ಇಂಚು ಕತ್ತರಿಸಿ ಕೊಡಿ, ಮಾತು ಬೇಡ ಎಂದೆ. ಕತ್ತರಿಸಿ ಹೋದ. ಈಗ ಮೇಜು ಸರಿಯಾಗಿದೆ.

ಮೇ ೯, ಗುರುವಾರ

ಕಾಲರಿಗೆ ಗುರುತು ಹಾಕಲು ಅದೇ ಮೇಜಿಗೆ ಬಗ್ಗಿ ಬಗ್ಗಿ ತಂಗಿಯ ಸೊಂಟ ಹಿಡಿದುಕೊಂಡಿದೆಯಂತೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು” ಎಂದಳು. ಯಾರು ಎತ್ತು ಎಂದು ಕೇಳಿದೆ. ಮಿಷನ್ನಿನ ಮುಂದೆ ಕೂತು, ಖಾಲಿ ಸೂಜಿಯಲ್ಲೇ ಗಡಗಡ ತುಳಿದಳು. ಮೂವತ್ತು ವರ್ಷದ ಕಟಿಂಗ್ ಅನುಭವ ನನಗೆ, ಮೇಜಿನ ಎತ್ತರ ಇವಳು ಹೇಳಿಕೊಡಬೇಕೆ?

ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಉಗುರು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ತೂಕ ಮಾತ್ರ ಇಳಿಯುತ್ತಿದೆ, ದೇವರು ದೊಡ್ಡವನು.

ಮೇ ೨೭, ಸೋಮವಾರ

ಇವರು ಬೀಳ್ಕೊಡುಗೆಗೆಂದು ಹೊಸ ಬೂಟು ತಂದಿದ್ದಾರೆ. ಹಾಕಿಕೊಂಡು ಪಕ್ಕ ನಿಂತಾಗ ನನ್ನ ಕಣ್ಣು ಇವರ ಬಾಯಿಯ ಮಟ್ಟಕ್ಕೆ ಬಂತು. ಹಿಮ್ಮಡಿ ಇಷ್ಟು ಎತ್ತರದ್ದು ತರಬಾರದಿತ್ತು, ಫೋಟೋದಲ್ಲಿ ನಾನು ಗಿಡ್ಡ ಕಾಣುತ್ತೇನೆ ಎಂದೆ. ಇವರು ಬೂಟು ಬಿಚ್ಚಿ, ಅದರ ಹಿಮ್ಮಡಿಯನ್ನು ಹಳೆಯದರ ಪಕ್ಕ ಹಿಡಿದು ತೋರಿಸಿದರು. ಎರಡೂ ಒಂದೇ. ಹಾಗಾದರೆ ಒಳಗಿನ ಅಟ್ಟೆ ದಪ್ಪ ಇರಬೇಕು.

ಸಂಜೆ ಇವರೇ ಎರಡು ಮೊಟ್ಟೆ ಬೇಯಿಸಿ ತಂದು ಮುಂದಿಟ್ಟರು. ಬೇಡ ಎಂದೆ. ಹಾಲು ತಂದರು, ಅದೂ ಬೇಡ ಎಂದೆ. ಮೂವತ್ತೈದು ವರ್ಷ ಮನೆಮನೆಯ ಮೀಟರ್ ನೋಡಿದವರು, ಜಗಳ ಆಡುವ ಅಭ್ಯಾಸವೇ ಇಲ್ಲ. ಬಾಗಿಲಲ್ಲಿ ನಿಂತು, “ನಿನ್ನನ್ನು ನೋಡಿದ್ರೆ ನಂಗೆ ಭಯ ಆಗುತ್ತೆ ಕಣೇ” ಎಂದರು. ದಪ್ಪಗಿದ್ದಾಗ ಯಾರಿಗೂ ಭಯ ಆಗಲಿಲ್ಲ, ಈಗ ಎಲ್ಲರಿಗೂ ಭಯ. ಮೊಟ್ಟೆ ಬೆಕ್ಕಿನ ಪಾಲಾಯಿತು. ನನಗೂ ಭಯವೇ, ಆದರೆ ನನ್ನದು ಬೇರೆ ಭಯ. ದಿನಾ ಬೆಳಿಗ್ಗೆ ಯಂತ್ರ ಹತ್ತುವ ಮೊದಲು ಎದೆ ಹೊಡೆದುಕೊಳ್ಳುವುದು ಇವರಿಗೆ ಹೇಗೆ ಗೊತ್ತಾಗಬೇಕು.

ಜೂನ್ ೧೪, ಶುಕ್ರವಾರ

ಆಸ್ಪತ್ರೆಯ ಆಹಾರ ಸಲಹೆಗಾರ್ತಿ ಫೋನ್ ಮಾಡಿದ್ದಳು. ನನ್ನ ಮಗಳ ವಯಸ್ಸಿನವಳು, ಮಾತಿನಲ್ಲಿ ಮಾತ್ರ ಅಜ್ಜಿ. ಮಾತ್ರೆ ತಗೊಳ್ತಿದ್ದೀರಾ ಎಂದಳು. ತಗೊಳ್ತಿದ್ದೀನಿ ಎಂದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗುತ್ತಿಲ್ಲ ತಾನೇ, ನಡುವೆ ಎರಡು ಗಂಟೆ ಬಿಡುತ್ತಿದ್ದೀರಾ ಎಂದಳು. ಬಿಡುತ್ತಿದ್ದೇನೆ ಎಂದೆ. ಅದೇನೂ ಸುಳ್ಳಲ್ಲ, ಮೂರು ತಿಂಗಳಿಂದ ಬಿಟ್ಟೇ ಇದ್ದೇನೆ.

ಆಮೇಲೆ ಅವಳು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. “ಕರುಳಿನ ಅಡ್ಡದಾರಿಯಿಂದ ನಿಮ್ಮ ಮೈ ಕ್ಯಾಲ್ಸಿಯಂ ಸರಿಯಾಗಿ ಹೀರಿಕೊಳ್ಳಲ್ಲ. ಹೊರಗಿಂದ ಕೊಡದೇ ಇದ್ರೆ ಮೈ ಸುಮ್ನೆ ಕೂರಲ್ಲ, ಮೂಳೆಯಿಂದ ಕಿತ್ಕೊಳ್ಳುತ್ತೆ. ತೂಕದ ಮಿಷನ್‌ಗೆ ಕೊಬ್ಬು ಯಾವುದು, ಮೂಳೆ ಯಾವುದು ಅಂತ ಗೊತ್ತಾಗಲ್ಲ. ಇಳೀತು ಅಂತಷ್ಟೇ ತೋರಿಸುತ್ತೆ” ಎಂದಳು. ಬೆನ್ನುನೋವೇನಾದರೂ ಇದೆಯೇ ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಬೆನ್ನಿಗೆ ಹೋಗಿತ್ತು. ಇಲ್ಲ ಎಂದೆ.

ಅವಳಿಗೆ ಇದೇ ಕೆಲಸ, ಹೆದರಿಸಲೇಬೇಕು. ಮಾತ್ರೆಯ ಡಬ್ಬ ತೆಗೆದು ನೋಡಿದೆ. ಇನ್ನು ಆರು ವಾರ, ಬೀಳ್ಕೊಡುಗೆ ಒಂದು ಮುಗಿಯಲಿ, ಆಮೇಲೆ ಶುರು ಮಾಡುತ್ತೇನೆ. ಡಬ್ಬವನ್ನು ಗುಂಡಿಗಳ ಪೆಟ್ಟಿಗೆಯ ಹಿಂದೆ ಇಟ್ಟೆ.

ಜುಲೈ ೧೧, ಗುರುವಾರ

ಬೀಳ್ಕೊಡುಗೆಗೆ ನನಗೊಂದು ಉದ್ದ ಕೋಟು. ನೇರಳೆ ಬಣ್ಣ, ಒಳ್ಳೆಯ ಉಣ್ಣೆ. ನನ್ನ ಬಟ್ಟೆಯನ್ನು ಇದುವರೆಗೆ ಇನ್ನೊಬ್ಬರ ಕತ್ತರಿಗೆ ಕೊಟ್ಟವಳಲ್ಲ. ಆದರೆ ಮೇಜಿನ ಮುಂದೆ ಹತ್ತು ನಿಮಿಷ ನಿಂತರೆ ಬೆನ್ನಿನಲ್ಲಿ ಯಾರೋ ಸೂಜಿ ಮುರಿದ ಹಾಗಾಗುತ್ತದೆ. ಮೇಜು ತಗ್ಗಿಸಿದರೂ ಹೀಗೆ. ಹಾಗಾಗಿ ನನ್ನ ಕಾಗದದ ನಮೂನೆಯನ್ನು ತಂಗಿಯ ಕೈಗೆ ಕೊಟ್ಟು, ಗೆರೆ ಬಿಟ್ಟು ಒಂದು ನೂಲು ಆಚೀಚೆ ಆಗಬಾರದು ಎಂದೆ. ಹೋದ ವರ್ಷ ತೂಕ ಗುರಿ ಮುಟ್ಟಿದಾಗ ಖುಷಿಯಲ್ಲಿ ಮಾಡಿಕೊಂಡ ನಮೂನೆ ಅದು.

ಅವಳು ಅದನ್ನು ಮೇಜಿನ ಮೇಲೆ ಹಾಸಿ, “ಒಂದ್ಸಲ ಟೇಪ್ ಹಿಡಿಯಲಾ ಅಕ್ಕ?” ಎಂದಳು. ನಮೂನೆ ಇರುವಾಗ ಟೇಪು ಯಾಕೆ ಎಂದು ಕಳಿಸಿದೆ.

ಜುಲೈ ೨೨, ಸೋಮವಾರ

ಇವತ್ತು ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ತಂಗಿ ಕೋಟು ಮುಗಿಸಿ ಮೇಜಿನ ಮೇಲಿಟ್ಟಳು. ಹಾಸಿ ನೋಡುತ್ತೇನೆ, ಹಿಂಭಾಗ ಮುಂಭಾಗಕ್ಕಿಂತ ಉದ್ದ. ಒಂದೆರಡು ನೂಲಲ್ಲ, ಮೂರು ಬೆರಳು. ಒಟ್ಟು ಉದ್ದವೂ ನಮೂನೆಗಿಂತ ಕಡಿಮೆ. ನನಗೆ ರೇಗಿತು. ಇಷ್ಟು ವರ್ಷ ನನ್ನ ಪಕ್ಕ ಕೂತು ಕಲಿತಿದ್ದು ಇದೇನಾ, ಒಳ್ಳೆಯ ಉಣ್ಣೆ ಹಾಳು ಮಾಡಿದೆ, ಇನ್ನು ಒಂಬತ್ತು ದಿನದಲ್ಲಿ ನಾನು ಏನು ಹಾಕಿಕೊಂಡು ಹೋಗಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಕೋಟನ್ನು ಬಿಡಿಸಿ ಹಿಡಿದು, “ಹಾಕ್ಕೊಂಡು ನೋಡಕ್ಕ” ಎಂದಳು.

ಹಾಕಿಕೊಂಡೆ. ತಪ್ಪನ್ನು ಕನ್ನಡಿಯಲ್ಲಿ ತೋರಿಸಿ ಇನ್ನಷ್ಟು ಬೈಯಬೇಕೆಂದೇ ಹಾಕಿಕೊಂಡೆ.

ಅಂಚು ಸುತ್ತಲೂ ಒಂದೇ ಮಟ್ಟ ಇತ್ತು.

ತಿರುಗಿ ನೋಡಿದೆ. ಪಕ್ಕದಿಂದ ನೋಡಿದೆ. ಕೋಟು ಬೆನ್ನಿನ ಮೇಲೆ ಒಂದು ಸುಕ್ಕಿಲ್ಲದೆ ಕೂತಿತ್ತು. ಆ ಬೆನ್ನು ಯಾರದೆಂದು ನನಗೆ ಗೊತ್ತಿತ್ತು, ಇಷ್ಟು ವರ್ಷ ಅದಕ್ಕೆ ಕತ್ತರಿಸಿದವಳೇ ನಾನು. ಅದು ಹೆಡ್‌ಮಿಸ್ಟ್ರೆಸ್ಸರ ಬೆನ್ನು. ಅವರಿಗೆ ಎಪ್ಪತ್ತೆಂಟು, ನನಗೆ ಐವತ್ತೊಂದು.

ಯಾವಾಗಿಂದ ಎಂದು ಕೇಳಿದೆ. ಗೌನಿನ ದಿನದಿಂದ ಅನುಮಾನ, ಮೇಜು ಕತ್ತರಿಸಿದ ದಿನ ಖಾತ್ರಿ ಎಂದಳು. ಮತ್ತೆ ಬಾಯಿಬಿಟ್ಟು ಹೇಳಲಿಕ್ಕೆ ಏನಾಗಿತ್ತು ನಿನಗೆ ಎಂದು ಕೂಗಿದೆ. ಅವಳ ಕಣ್ಣು ತುಂಬಿತು.

“ಮೈ ಬಗ್ಗೆ ಮಾತಾಡಬಾರದು ಅಂದಿದ್ದು ನೀನೇ ಅಲ್ವಾ ಅಕ್ಕ. ಅದಕ್ಕೆ ಬಟ್ಟೇಲಿ ಹೇಳಿದೆ.”

ಜುಲೈ ೨೩, ಮಂಗಳವಾರ

ಯಂತ್ರ ಹತ್ತಲಿಲ್ಲ. ಹತ್ತಿದರೆ ಇಳಿದದ್ದು ಯಾವುದೆಂದು ಅದು ಹೇಳುವುದಿಲ್ಲವಲ್ಲ. ಇವರು ಆಸ್ಪತ್ರೆಗೆ ಫೋನ್ ಮಾಡಿದರು.

ಜುಲೈ ೨೬, ಶುಕ್ರವಾರ

ಬೆನ್ನಿನ ಎರಡು ಮೂಳೆಗಳು ಕುಸಿದು ಚಪ್ಪಟೆಯಾಗಿವೆ. ಡಾಕ್ಟರು ಚಿತ್ರ ತೋರಿಸಿದರು. ಉಳಿದವು ಚೌಕ, ಆ ಎರಡು ಮುಂದಿನಿಂದ ಅದುಮಿದ ಹಾಗೆ. ಥಾನು ಎತ್ತಿದ ದಿನ ಒಂದು ಹೋಗಿರಬೇಕು, ಇನ್ನೊಂದು ಯಾವಾಗಲೋ, ನಿಮಗೂ ತಿಳಿಯದ ಹಾಗೆ ಎಂದರು. ಆಪರೇಷನ್ ಒಂದು, ಮುಟ್ಟು ನಿಂತ ವಯಸ್ಸು ಒಂದು, ಮಾತ್ರೆ ಬಿಟ್ಟದ್ದು ಮತ್ತೊಂದು, ಮೂರೂ ಸೇರಿಕೊಂಡವಂತೆ. ಒಂದೂವರೆ ಇಂಚು ಎತ್ತರ ಹೋಗಿದೆ. ಹೋದದ್ದು ಬರುತ್ತದೆಯೇ ಎಂದೆ. ಇಲ್ಲ ಎಂದರು. ಇರುವುದನ್ನು ಉಳಿಸಿಕೊಳ್ಳಬಹುದು ಎಂದರು.

ಸಲಹೆಗಾರ್ತಿಯ ಮುಂದೆ ಕೂತು, ಫೋನಿನಲ್ಲಿ ಹೇಳಿದ್ದೆಲ್ಲ ಸುಳ್ಳು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ಹತ್ತಿರ ಹತ್ತು ಜನ ಬಂದರೆ ಅದರಲ್ಲಿ ಐದಾರು ಜನ ಈ ಸುಳ್ಳು ಹೇಳುತ್ತಾರೆ, ಎಲ್ಲರಿಗೂ ಅದೇ ಭಯ ಎಂದಳು. ಬೇರೆ ಜಾತಿಯ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಳು. ಅದು ಚಿಕ್ಕ ಹೊಟ್ಟೆಗೂ ಹಿಡಿಸುತ್ತದಂತೆ, ಮಲಬದ್ಧತೆಯೂ ಕಡಿಮೆಯಂತೆ. ಒಟ್ಟಿಗೆ ನುಂಗದೆ ದಿನಕ್ಕೆ ಮೂರು ಪಾಲು ಮಾಡಿ ತಗೊಳ್ಳಬೇಕು. ಡಿ ವಿಟಮಿನ್, ಮೂಳೆಗೆ ಒಂದು ಇಂಜೆಕ್ಷನ್, ಪ್ರತಿ ಊಟದಲ್ಲೂ ಮೊದಲ ತುತ್ತು ಪ್ರೋಟೀನ್. ಭಾರ ಎತ್ತುವಂತಿಲ್ಲ, ನಡೆಯಬೇಕು. ತೂಕ ಒಂದೆರಡು ಕೆಜಿ ಏರಬಹುದು ಎಂದಳು. ಎದೆ ಧಸಕ್ಕೆಂದಿತು. ಸುಳ್ಳು ಯಾಕೆ ಬರೆಯಲಿ, ಮೂಳೆ ಮುರಿದಿದೆ ಎಂದಾಗಲೂ ಅಷ್ಟು ಧಸಕ್ಕೆನ್ನಲಿಲ್ಲ.

ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡೇ ಇದ್ದರು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಜುಲೈ ೩೧, ಬುಧವಾರ

ಬೀಳ್ಕೊಡುಗೆ ಮುಗಿಯಿತು. ಭಾಷಣ ಮಾಡಿದವರೆಲ್ಲ ಇವರ ಹೆಸರಿನಲ್ಲಿ ತಮ್ಮ ಕಷ್ಟವನ್ನೇ ಹೇಳಿಕೊಂಡರು. ನೇರಳೆ ಕೋಟನ್ನು ಮೂರು ಜನ ಹೊಗಳಿದರು. ತಂಗಿ ಮೂರನೇ ಸಾಲಿನಲ್ಲಿ ಕೂತು, ತನಗಲ್ಲವೆಂಬಂತೆ ಮುಖ ಮಾಡಿಕೊಂಡಿದ್ದಳು.

ಫೋಟೋಕ್ಕೆ ಇವರ ಪಕ್ಕ ನಿಂತೆ. ಕಂಬ ಇರಲಿಲ್ಲ, ಇದ್ದಿದ್ದರೂ ಹಿಂದೆ ಹೋಗುತ್ತಿರಲಿಲ್ಲ. ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, “ಅಮ್ಮ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ” ಎಂದ. ಮುಂದಿನ ಸಾಲಿನವರು ನನ್ನನ್ನೇ ನೋಡಿದರು. ಐದು ತಿಂಗಳಿಂದ ಹೆದರಿದ್ದು ಇದಕ್ಕೇ ಎಂಬ ಹಾಗೆ ಕಿವಿ ಬಿಸಿಯಾಯಿತು.

“ನೆಟ್ಟಗೇ ನಿಂತಿದ್ದೀನಪ್ಪ, ನನ್ನ ನೆಟ್ಟಗೆ ಇಷ್ಟೇ. ತೆಗಿ” ಎಂದೆ.

ಆಗ ಇವರು ಪ್ಯಾಂಟಿನೊಳಗೆ ಮೊಣಕಾಲು ಸ್ವಲ್ಪ ಮಡಚಿ ನನ್ನ ಮಟ್ಟಕ್ಕೆ ಬರುತ್ತಿರುವುದು ಗೊತ್ತಾಯಿತು. ಬೆನ್ನ ಹಿಂದಿನಿಂದ ಚಿವುಟಿದೆ. ಫೋಟೋದಲ್ಲಿ ಅವರ ಬಾಯಿ ತೆರೆದಿದೆಯಂತೆ.

ಆಗಸ್ಟ್ ೧೨, ಸೋಮವಾರ

ಬಡಗಿ ಬಂದು ಮೇಜಿನ ಕಾಲುಗಳಿಗೆ ಎರಡೆರಡು ಇಂಚಿನ ತುಂಡು ಜೋಡಿಸಿ, ನನಗೊಂದು ಮಣೆ ಮಾಡಿಕೊಟ್ಟ. ಈಗ ಮಣೆಯ ಮೇಲೆ ನಿಂತು ಕತ್ತರಿಸುತ್ತೇನೆ. ಮೇಜಿಗೆ ಮತ್ತೆ ಬೆಳೆಯುವ ಅಭ್ಯಾಸ ಬಂತಲ್ಲಮ್ಮ ಎಂದ. ಮಾತು ಬೇಡ ಎನ್ನಲಿಲ್ಲ, ನನಗೂ ನಗು ಬಂತು. ನಕ್ಕರೆ ಇನ್ನೂ ನೋಯುತ್ತದೆ. ತೂಕ ಒಂದು ಕೆಜಿ ಏರಿದೆ. ನೋಡಿದ ದಿನ ಮಧ್ಯಾಹ್ನದ ಊಟ ಬಿಟ್ಟೆ, ಸಂಜೆ ಹೆದರಿ ಎರಡು ಮೊಟ್ಟೆ ತಿಂದೆ. ಬೆಕ್ಕು ಸುಮ್ಮನೆ ನೋಡುತ್ತಿತ್ತು.

ಹೆಡ್‌ಮಿಸ್ಟ್ರೆಸ್ ಹೊಸ ಕೋಟಿಗೆ ಬಟ್ಟೆ ತಂದಿದ್ದರು. ತಂಗಿ ಎಂದಿನ ಹಾಗೆ ಬಾಯಿ ಮುಚ್ಚಿಕೊಂಡು ಟೇಪು ಹಿಡಿದಳು. ಹೋದ ಸಲಕ್ಕಿಂತ ಹಿಂಭಾಗಕ್ಕೆ ಇನ್ನೂ ಅರ್ಧ ಬೆರಳು ಬೇಕೆಂದು ಅವಳ ಕಣ್ಣಿನಿಂದಲೇ ತಿಳಿಯಿತು. ನಾನು ಕಟ್ಟಳೆ ಮುರಿದೆ. ಮೇಡಂ, ನಿಮ್ಮ ಬೆನ್ನು ಪ್ರತಿ ವರ್ಷ ಬಾಗುತ್ತಿದೆ, ಮೂಳೆ ಎಂದಾದರೂ ತೋರಿಸಿದ್ದೀರಾ ಎಂದು ಕೇಳಿಬಿಟ್ಟೆ. ನನ್ನದನ್ನೂ ಹೇಳಿದೆ, ಸ್ಕ್ಯಾನು, ಎರಡು ಮೂಳೆ, ಒಂದೂವರೆ ಇಂಚು, ಎಲ್ಲ.

ಅವರು ಕುರ್ಚಿ ಎಳೆದು ಕೂತರು. ಸಿಟ್ಟಾದರೇನೋ ಎಂದು ಹೆದರಿದೆ. ತಮ್ಮ ಹಳೆಯ ಬೂದು ಕೋಟಿನ ಅಂಚನ್ನು ಬೆರಳಲ್ಲಿ ಸವರುತ್ತ ಮೆಲ್ಲಗೆ ಅಂದರು.

“ಇಷ್ಟು ಬಾಗಿದ್ದೀನಿ ಅಂತ ನನಗೆ ಗೊತ್ತೇ ಆಗ್ಲಿಲ್ಲಮ್ಮ. ನೀವು ಹೊಲಿದ ಬಟ್ಟೆ ಯಾವಾಗ್ಲೂ ಸರಿಯಾಗೇ ಕೂರ್ತಿತ್ತು.”

ಅದನ್ನು ಹೊಗಳಿಕೆ ಎಂದುಕೊಳ್ಳುವ ಧೈರ್ಯ ನನಗಿಲ್ಲ. ಆಸ್ಪತ್ರೆಯ ನಂಬರ್ ಬರೆದುಕೊಟ್ಟೆ. ಅವರು ಎದ್ದು ಹೊರಡುವ ಮೊದಲೇ, ನನ್ನ ಹಳೆಯ ಕಾಗದದ ನಮೂನೆಯನ್ನು ಹರಿದು ಬುಟ್ಟಿಗೆ ಹಾಕಿ, ಕನ್ನಡಿಯ ಮುಂದೆ ನಿಂತೆ. ನನ್ನನ್ನು ಅಳೆ ಎಂದು ತಂಗಿಗೆ ಹೇಳಿದೆ. ಅವಳು ಕತ್ತಿನಿಂದ ಸೊಂಟದವರೆಗೆ ಟೇಪು ಬಿಟ್ಟು, ನೋಡಿ, ಬರೆದುಕೊಳ್ಳಲು ಪೆನ್ಸಿಲು ಹುಡುಕಿದಳು.

ಬರೆಯುವುದು ಆಮೇಲೆ, ಮೊದಲು ಓದು ಎಂದೆ. ಮೆಲ್ಲಗೆ ಏನೋ ಗೊಣಗಿದಳು.

“ಕೇಳಿಸಲಿಲ್ಲ” ಎಂದೆ. “ಬೀದಿಗೆ ಕೇಳೋ ಹಾಗೆ ಓದು.”